ಎರಡನೇ ಹಂತಕ್ಕೆ ಬಿಟ್ಟ ಸನ್ನಿವೇಶ

ಜೂನ್ 5, ಬುಧವಾರ

ಈ ನೋಟ್‌ಬುಕ್ಕಿನ ಮುಂದಿನ ಹಾಳೆಗಳು ನನ್ನ ತಮ್ಮ ಸುಹೇಲನವು. ಅವನ ಬೆಳಗಿನ ತೂಕ, ಬಿ.ಪಿ., ದಿನಕ್ಕೆ ಕುಡಿದ ನೀರು, ಇಷ್ಟನ್ನೂ ಬರೆದಿಡಿ ಎಂದು ಮೈಸೂರಿನ ಡಾಕ್ಟರು ಹೇಳಿದ್ದಾರೆ. ಬರೆಯುವವಳು ನಾನೇ. ಇವತ್ತು ಪುಸ್ತಕವನ್ನು ತಿರುವಿ ಹಿಂದಿನ ಹಾಳೆಗಳನ್ನು ನನಗೆಂದು ಇಟ್ಟುಕೊಂಡೆ. ಮನೆಯಲ್ಲಿ ನಾವು ಆಡುವುದು ಉರ್ದು, ಇಲ್ಲಿ ಬರೆಯುವುದು ಕನ್ನಡ. ಹಾಗಾಗಿ ಅಮ್ಮಿಯ ಮಾತು, ತಮ್ಮನ ಮಾತು ಎಲ್ಲವೂ ಇಲ್ಲಿ ಅನುವಾದ. ಇಪ್ಪತ್ತು ವರ್ಷದಿಂದ ಅನುವಾದಗಳನ್ನೇ ಓದಿಕೊಂಡು ಬಂದವಳಿಗೆ ಅದೊಂದು ಕೊರತೆ ಅನಿಸುವುದಿಲ್ಲ.

ಆಫೀಸಿನಲ್ಲಿ ಹೊಸ ಕೆಲಸ ಬಂದಿದೆ. ನಾವು ಆರು ಜನ, ಮಂಡ್ಯದ ನೂರಡಿ ರಸ್ತೆಯಲ್ಲಿ ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ಕೂತು ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಕೋಡ್ ಬರೆಯುವವಳು ದೀಪಿಕ. ನನ್ನದು ಅದಕ್ಕೆ ಮೊದಲಿನ ಕೆಲಸ: ಆಸ್ಪತ್ರೆಯವರಿಗೆ ನಿಜಕ್ಕೂ ಏನು ಬೇಕು ಎಂದು ಕೇಳಿ ತಿಳಿದು ಬರೆಯುವುದು. ಯಜಮಾನ ಸಂತೋಷ್ ಇವತ್ತು ಕೊಟ್ಟದ್ದು ಮದ್ದೂರಿನ ಒಂದು ಟ್ರಸ್ಟಿನ ಡಯಾಲಿಸಿಸ್ ಕೇಂದ್ರದ ಕಡತ. ಎಂಟು ಹಾಸಿಗೆ, ದಿನಕ್ಕೆ ಮೂರು ಪಾಳಿ. ಯಾರಿಗೆ ಯಾವ ದಿನ, ಯಾವ ಹಾಸಿಗೆ, ಒಂದು ಜಾಗ ಖಾಲಿಯಾದರೆ ಕಾಯುವ ಪಟ್ಟಿಯಲ್ಲಿ ಮುಂದಿನವರು ಯಾರು. ಈಗ ಎಲ್ಲವೂ ಒಂದು ಬಿಳಿ ಬೋರ್ಡು ಮತ್ತು ಒಂದು ರಿಜಿಸ್ಟರಿನಲ್ಲಿ ನಡೆಯುತ್ತಿದೆ.

ಆ ಪಟ್ಟಿಯಲ್ಲಿ ಸುಹೇಲ್ ಎರಡನೆಯವನು.

ಸಂತೋಷ್‌ಗೆ ಹೇಳಲಿಲ್ಲ. ತಮ್ಮನಿಗೆ ಕಿಡ್ನಿ ತೊಂದರೆ ಎಂದು ಅವರಿಗೆ ಗೊತ್ತು, ಪಟ್ಟಿಯ ವಿಷಯ ಗೊತ್ತಿಲ್ಲ. ಗೊತ್ತಾದರೆ ಕಡತವನ್ನು ಬೇರೆಯವರಿಗೆ ಕೊಡುತ್ತಾರೆ, ಬೇರೆಯವರು ಸರಿಯಾಗಿ ಮಾಡುವುದಿಲ್ಲ. ಅಷ್ಟೇ ಕಾರಣ.

ಜೂನ್ 7, ಶುಕ್ರವಾರ

ರಜೆ ಹಾಕಿ ಮೈಸೂರಿಗೆ ಹೋದೆ. ಮಂಗಳವಾರ, ಶುಕ್ರವಾರ, ವಾರಕ್ಕೆ ಎರಡು ಸಲ ಅವನಿಗೆ ಅಲ್ಲಿ ಡಯಾಲಿಸಿಸ್. ಮೂರು ಸಲ ಆಗಬೇಕು ಎನ್ನುತ್ತಾರೆ ಡಾಕ್ಟರು, ಮೂರನೆಯದಕ್ಕೆ ಅಲ್ಲಿ ಜಾಗವಿಲ್ಲ. ಶುಕ್ರವಾರದಿಂದ ಮಂಗಳವಾರದವರೆಗಿನ ನಾಲ್ಕು ದಿನವೇ ಕಷ್ಟ. ಸೋಮವಾರದ ಹೊತ್ತಿಗೆ ಮುಖ ಊದುತ್ತದೆ, ಎರಡು ಮೆಟ್ಟಿಲಿಗೆ ಉಸಿರು ಹಿಡಿಯುತ್ತದೆ. ಮದ್ದೂರಿನಲ್ಲಿ ಸಿಕ್ಕರೆ ವಾರಕ್ಕೆ ಮೂರು ಸಲ, ಮನೆಯಿಂದ ಹತ್ತು ನಿಮಿಷದ ನಡಿಗೆ. ನನ್ನ ಕಿಡ್ನಿ ಅವನಿಗೆ ಹೊಂದಲಿಲ್ಲ. ಅಮ್ಮಿಗೆ ಸಕ್ಕರೆ ಕಾಯಿಲೆ. ಆದ್ದರಿಂದ ಆ ಪಟ್ಟಿ.

ಪುಟ್ಟರಾಜುವಿನ ಓಮ್ನಿಯಲ್ಲಿ ಹೋಗುವುದು. ಸುಹೇಲನ ಮೋಟಾರ್ ರಿವೈಂಡಿಂಗ್ ಅಂಗಡಿಯ ಪಕ್ಕದಲ್ಲಿ ಅವನ ಟೈರ್ ಅಂಗಡಿ. ದಾರಿಯುದ್ದಕ್ಕೂ ಇಬ್ಬರದೂ ಜಗಳ.

“ಲೇ ಸುಹೇಲಾ, ಬೆಲ್ಟ್ ಆಕ್ಕಳ್ಲಾ. ಪೋಲೀಸ್ನೋರು ಇಡುದ್ರೆ ನೀನ್ ಕಟ್ತೀಯಾ?”

“ನಿನ್ ಗಾಡೀಲಿ ಬೆಲ್ಟು ಕೈಗೇ ಕಿತ್ಕಂಡ್ ಬತ್ತದೆ ಕಣ್ಲಾ. ಎಲ್ಲಿಗ್ ಆಕ್ಕಳ್ಳಿ?”

“ಅದುನ್ನೂ ಒಂಚೂರು ವೈಂಡಿಂಗ್ ಮಾಡ್ಬುಡು ಮತ್ತೆ.”

ನಾನು ಹಿಂದೆ ಕೂತು ಪುಸ್ತಕ ಓದಿದೆ. ಯಾವುದೋ ಚಳಿದೇಶದ ಕಥೆ, ಹಿಮದಲ್ಲಿ ಸಿಕ್ಕಿಕೊಂಡ ರೈಲು. ಅನುವಾದಕರು ಅವರ ಸೂಪಿಗೆ ‘ಸಾರು’ ಎಂದು ಬರೆದಿದ್ದಾರೆ. ಒಪ್ಪಲಾರೆ.

ಮರಳಿ ಬರುವಾಗ ಸುಹೇಲ್ ಎಡಗೈ ಚಾಚಿ ನನ್ನ ಬೆರಳನ್ನು ಮೊಣಕೈ ಕೆಳಗೆ ಇಟ್ಟುಕೊಂಡ. ಸೂಜಿ ಚುಚ್ಚಲೆಂದು ಅಲ್ಲಿ ಎರಡು ರಕ್ತನಾಳ ಸೇರಿಸಿ ಹೊಲಿದಿದ್ದಾರೆ. ಮುಟ್ಟಿದರೆ ಒಳಗೆ ಝುಂ ಎನ್ನುತ್ತದೆ. “ಮೋಟಾರು ಓಡುತ್ತಿದೆ, ಆಪಾ,” ಎಂದ. ಪ್ರತಿ ಸಲವೂ ಇದನ್ನೇ ಹೇಳುತ್ತಾನೆ.

ಜೂನ್ 13, ಗುರುವಾರ

ಮದ್ದೂರಿನ ಕೇಂದ್ರದಲ್ಲಿ ಮೊದಲ ದಿನ. ಹಿರಿಯ ಸಿಸ್ಟರ್ ದೇವಿರಮ್ಮ, ಮಳವಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಾರೆ. ನಿವೃತ್ತಿಗೆ ಎರಡು ವರ್ಷ.

ನಾನು ಕೆಲಸ ಮಾಡುವ ಕ್ರಮವನ್ನು ಅವರಿಗೆ ವಿವರಿಸಿದೆ. ಹಿಂದೆ ನಾವು ‘ತಂತ್ರಾಂಶವು ಇಂತಿಂಥದ್ದನ್ನು ಮಾಡತಕ್ಕದ್ದು’ ಎಂದು ನಲವತ್ತು ಪುಟದ ಪಟ್ಟಿ ಕೊಡುತ್ತಿದ್ದೆವು. ಯಾರೂ ಓದದೆ ಸಹಿ ಹಾಕುತ್ತಿದ್ದರು. ಆಮೇಲೆ ‘ಇದಲ್ಲ ನಾವು ಕೇಳಿದ್ದು’ ಎನ್ನುತ್ತಿದ್ದರು. ಈಗ ನಾನು ಸನ್ನಿವೇಶ ಬರೆಯುತ್ತೇನೆ. ಯಾರು ಬಂದರು, ಏನು ಬೇಕಿತ್ತು, ಆಮೇಲೆ ಏನಾಯಿತು, ಹಾಗಾಗದಿದ್ದರೆ ಏನು. ಒಂದೊಂದೂ ಅರ್ಧ ಪುಟದ ಕಥೆ, ವಿಶೇಷಣಗಳಿಲ್ಲದ ಕಥೆ. ಅದನ್ನು ಗಟ್ಟಿಯಾಗಿ ಓದಿ ಹೇಳುತ್ತೇನೆ. ಕೇಳುವವರು ಎಲ್ಲಿ ತಡೆಯುತ್ತಾರೋ ಅಲ್ಲಿ ನನ್ನ ತಿಳಿವಳಿಕೆಯಲ್ಲಿ ತೂತಿದೆ ಎಂದು ಅರ್ಥ. ಎಲ್ಲ ಸರಿಯಾದ ಮೇಲೆ ಅದರಿಂದ ಚಿತ್ರ ಬರೆದು ದೀಪಿಕಳಿಗೆ ಕೊಡುತ್ತೇನೆ.

ಮೊದಲನೆಯದನ್ನು ಓದಿದೆ. “ರೋಗಿ ಬೆಳಿಗ್ಗೆ ಆರೂವರೆಗೆ ಬರುತ್ತಾನೆ.”

“ಯಾರ್ ಬತ್ತರೆ ಆರೂವರೆಗೆ?” ಎಂದರು ದೇವಿರಮ್ಮ. “ಮಳವಳ್ಳಿ ಕಡೆ ಬಸ್ಸು ಇಲ್ಲಿಗ್ ಬರದೇ ಏಳಕ್ಕೆ. ನಾನೇ ಅದ್ರಲ್ ಬರದು.”

ಮೊದಲ ಸಾಲಿನಲ್ಲೇ ತೂತು. ಒಳ್ಳೆಯ ಆರಂಭ.

ನಾಲ್ಕನೇ ಹಾಸಿಗೆಯಿಂದ ಒಬ್ಬ ಮುದುಕರು ಕೇಳಿಸಿಕೊಳ್ಳುತ್ತಿದ್ದರು. “ನನ್ನೂ ಬರ್ಕಳವ್ವ ಅದ್ರಲ್ಲಿ. ಮರಿಸಿದ್ದಯ್ಯ, ವೈದ್ಯನಾಥಪುರ. ನಮ್ಮೂರ್ನಲ್ಲಿ ದ್ಯಾವ್ರೇ ಡಾಕ್ಟ್ರು. ಆದ್ರೂ ನಂಗೆ ಮಿಸನ್ನೇ ಬೇಕು ನೋಡು.”

ಇದರಲ್ಲಿ ಹೆಸರು ಬರೆಯುವುದಿಲ್ಲ, ‘ರೋಗಿ’ ಎಂದಷ್ಟೇ ಬರೆಯುತ್ತೇನೆ ಎಂದೆ.

“ಅಂಗೇ ಬರ್ಕೊ. ನಾನೇ ಅಂತ ನಂಗ್ ಗೊತ್ತಾಯ್ತದೆ ಬುಡು.”

ಹೆಸರು ಹಾಕಿ ಎಂದು ಸಂತೋಷ್ ಕೂಡ ಹೇಳುತ್ತಿರುತ್ತಾರೆ, ಓದುವವರಿಗೆ ಹತ್ತಿರವಾಗುತ್ತದಂತೆ. ನಾನು ಒಪ್ಪಿಲ್ಲ. ಹೆಸರು ಬಂದ ಕೂಡಲೇ ಕನಿಕರ ಬರುತ್ತದೆ, ಕನಿಕರ ಬಂದ ಕಡೆ ನಿಖರತೆ ಹೋಗುತ್ತದೆ.

ಜೂನ್ 20, ಗುರುವಾರ

ಮೈಸೂರಿನಲ್ಲಿ ಮೊನ್ನೆ ಯಂತ್ರ ಕೆಟ್ಟು ಸುಹೇಲನ ಸರದಿ ಇವತ್ತಿಗೆ ಬಿತ್ತು. ಪಕ್ಕದ ಹಾಸಿಗೆಯಲ್ಲಿ ಚಲುವಮ್ಮ ಎಂಬವರು, ನಿಡಘಟ್ಟದವರು. ಐವತ್ತರ ಮೇಲಿನ ವಯಸ್ಸು. ಸೋಮವಾರ, ಗುರುವಾರ ಒಬ್ಬರೇ ಬಂದು ಹೋಗುತ್ತಾರೆ. ಎಕ್ಸ್‌ಪ್ರೆಸ್ ಬಸ್ಸುಗಳು ಅವರ ಊರಲ್ಲಿ ನಿಲ್ಲುವುದಿಲ್ಲ. ಹೋಗುವಾಗ ಎರಡು ಬಸ್ಸು, ಬರುವಾಗ ಎರಡು ಬಸ್ಸು. ನಾಲ್ಕು ಗಂಟೆ ರಕ್ತ ಹೊರಗೆ ಹೋಗಿ ಬಂದ ಮೇಲೆ ನಿಂತುಕೊಂಡೇ.

ಅವರೂ ಮದ್ದೂರಿನ ಪಟ್ಟಿಯಲ್ಲಿದ್ದಾರೆ. ಮೂರನೆಯವರು.

“ನಿನ್ ಇಂದೆ ನಾನು ಕಣಪ್ಪ,” ಎಂದರು ಸುಹೇಲನಿಗೆ. “ಬೇಗ ಓಗು, ನಂಗೂ ದಾರಿ ಆಯ್ತದೆ.”

“ನೀವೇ ಓಗ್ರಮ್ಮ ಮೊದ್ಲು. ನಂಗ್ ಗಾಡಿ ಐತೆ.”

“ಅಂಗೆಲ್ಲಾ ಆಗಾಕಿಲ್ಲ. ಮುಂದಿರೋನ್ ಮುಂದೆ, ಇಂದಿರೋನ್ ಇಂದೆ.”

ಚೀಲದಿಂದ ಎರಡು ಸೀಬೆಹಣ್ಣು ತೆಗೆದು ನನಗೆ ಕೊಟ್ಟರು. ಅವರ ಹಿತ್ತಿಲಿನದು. ಅವರು ತಿನ್ನುವಂತಿಲ್ಲ, ಸುಹೇಲನೂ ತಿನ್ನುವಂತಿಲ್ಲ. ಮನೆಗೆ ಬರುವವರೆಗೂ ಅವನು ಒಂದನ್ನು ಮೂಗಿಗೆ ಹಿಡಿದುಕೊಂಡಿದ್ದ.

ಜೂನ್ 26, ಬುಧವಾರ

ಇವತ್ತು ‘ಜಾಗ ಖಾಲಿಯಾದಾಗ’ ಸನ್ನಿವೇಶ. ಓದಿದೆ: “ಒಂದು ಹಾಸಿಗೆಯ ರೋಗಿ ನಿಧನನಾಗುತ್ತಾನೆ. ತಂತ್ರಾಂಶವು ಆ ಹಾಸಿಗೆ, ಆ ಪಾಳಿಯನ್ನು ಪಟ್ಟಿಯಲ್ಲಿ ಮೊದಲಿರುವವರಿಗೆ ಕೊಡುತ್ತದೆ.”

ದೇವಿರಮ್ಮ ಪೆನ್ನು ಕೆಳಗಿಟ್ಟರು. “ಅಯ್ಯೋ ಬುಡಿ ಮೇಡಂ. ಅಂಗ್ ಮಾಡಕಾಯ್ತದಾ?”

ಏಕೆ ಆಗುವುದಿಲ್ಲ ಎಂದು ಕೇಳಿದೆ.

“ವಸಬ್ರನ್ನ ಸತ್ತೋರ್ ಆಸ್ಗೆ ಮ್ಯಾಲೆ ಮಲಗ್ಸಾಕಿಲ್ಲ ನಾವು. ಬಂದೋರು ಮೊದ್ಲು ಕೇಳದೇ ಅದು, ಇಲ್ಲಿ ಮೊದ್ಲು ಯಾರಿದ್ರು ಸಿಸ್ಟರ್ ಅಂತ. ಏನ್ ಏಳದು? ಅದುಕ್ಕೆ ಅಳಬ್ರು ಯಾರಾರ ಒಬ್ರು ಆ ಆಸ್ಗೆಗ್ ಓಯ್ತರೆ, ಅವ್ರ್ ಜಾಗುಕ್ಕೆ ವಸಬ್ರು. ಆಗ ಕೇಳುದ್ರೆ ಏಳ್ಬೋದು, ನೋಡು, ಇಲ್ಲಿದ್ದೋರು ಅಲ್ಲಿ ಮಲ್ಗವ್ರೆ, ಸೆಂದಾಗವ್ರೆ ಅಂತ.”

“ಯಾರು ಹೋಗುತ್ತಾರೆ ಎಂದು ತೀರ್ಮಾನ ಮಾಡುವವರು ಯಾರು?”

“ಮರಿಸಿದ್ದಯ್ಯ ಎಲ್ಡು ಸಲ ಓಗವ್ನೆ. ನಂಗೇನ್ ದೆವ್ವ ಇಡ್ಕಂಡದಾ ಅಂತನೆ.”

ಇದು ಯಾವ ರಿಜಿಸ್ಟರಿನಲ್ಲೂ ಇಲ್ಲ. ಹದಿನೈದು ವರ್ಷದಿಂದ ನಡೆದು ಬಂದಿದೆ. ಸನ್ನಿವೇಶ ಓದಿ ಹೇಳದಿದ್ದರೆ ನನಗೆ ಎಂದೂ ಗೊತ್ತಾಗುತ್ತಿರಲಿಲ್ಲ. ತೃಪ್ತಿಯಾಯಿತು. ಬದಲಿಸಿ ಬರೆದೆ.

ಅದಾದ ಮೇಲೆ ಅವರು ಇನ್ನೊಂದು ಮಾತು ತೆಗೆದರು. ಪಟ್ಟಿಯಲ್ಲಿ ಚಲುವಮ್ಮ ಅಂತ ಒಬ್ಬರಿದ್ದಾರೆ, ಒಂಟಿ ಹೆಂಗಸು, ಬಸ್ಸಿನಲ್ಲಿ ಓಡಾಡುತ್ತಾರೆ, ಅಂಥವರನ್ನು ಮುಂದೆ ತರುವ ಹಾಗೆ ಮಾಡಿ ಎಂದರು. ಅಲ್ಲೇ ಇದ್ದ ಕೇಂದ್ರದ ಡಾಕ್ಟರು ನನ್ನ ಅಭಿಪ್ರಾಯ ಕೇಳಿದರು. ಒಂಟಿತನವನ್ನು ಅಳೆಯುವ ಮಾನದಂಡ ಇಲ್ಲ, ಇವತ್ತು ಒಬ್ಬರಿಗೆ ಮಾಡಿದರೆ ನಾಳೆ ಶಿಫಾರಸು ತರುವವರಿಗೂ ಮಾಡಬೇಕಾಗುತ್ತದೆ, ಹೆಸರು ಬರೆಸಿದ ದಿನಾಂಕವೊಂದೇ ನ್ಯಾಯ ಎಂದೆ. ಎಲ್ಲರೂ ಒಪ್ಪಿದರು.

ವಾದ ಸರಿಯಾಗಿಯೇ ಇತ್ತು. ಮತ್ತೊಮ್ಮೆ ಮನಸ್ಸಿನಲ್ಲಿ ಓದಿಕೊಂಡು ನೋಡಿದೆ. ಸರಿಯಾಗಿಯೇ ಇದೆ.

ಸುಹೇಲ್ ತೂಕ ಐವತ್ತೆಂಟೂವರೆ. ನೀರು ಐದು ಲೋಟ.

ಜುಲೈ 11, ಗುರುವಾರ

ಬೆಳಿಗ್ಗೆ ದೇವಿರಮ್ಮನ ಫೋನು. “ಇವತ್ ಬರ್ಬೇಡಿ ಮೇಡಂ. ಮರಿಸಿದ್ದಯ್ಯ ಓಗ್ಬುಟ್ರು.”

ನಾಲ್ಕನೇ ಹಾಸಿಗೆ ಖಾಲಿಯಾಯಿತು. ಪಟ್ಟಿ ಒಂದು ಹೆಜ್ಜೆ ಸರಿಯಿತು. ಸುಹೇಲ್ ಈಗ ಮೊದಲನೆಯವನು.

ಆಫೀಸಿನಿಂದ ಬೇಗ ಬಂದೆ. ಬರುವಾಗ ಪೇಟೆಬೀದಿಯಲ್ಲಿ ಶಾವಿಗೆ, ದ್ರಾಕ್ಷಿ ತೆಗೆದುಕೊಂಡೆ. ಹಾಲು ಹೆಚ್ಚಿಗೆ ಇತ್ತು, ಖೀರು ಮಾಡಿದೆ. ಸುಹೇಲನಿಗೆ ಅರ್ಧ ಬಟ್ಟಲು, ಅದನ್ನು ನೀರಿನ ಲೆಕ್ಕದಲ್ಲಿ ಕಳೆದೆ. ಬಹಳ ದಿನದ ಮೇಲೆ ಅಮ್ಮಿ ಎರಡು ಸಲ ಹಾಕಿಸಿಕೊಂಡರು.

“ಯಾವ ಹಬ್ಬ ಇವತ್ತು?” ಎಂದ ಸುಹೇಲ್.

ಯಾವುದೂ ಇಲ್ಲ ಎಂದೆ.

ಅವನು ಚಮಚ ಬಾಯಿಗೆ ತರದೆ ನನ್ನನ್ನೇ ನೋಡಿದ. “ಯಾರು ಹೋದರು, ಆಪಾ?”

“ನಾಲ್ಕನೇ ಹಾಸಿಗೆ.”

“ಹೆಸರು ಕೇಳಿದೆ.”

ಹೇಳಿದೆ. ಊರು ಯಾವುದು ಎಂದ, ಹೇಳಿದೆ. ವೈದ್ಯನಾಥಪುರದ ಪಂಪ್‌ಸೆಟ್ಟುಗಳೆಲ್ಲ ಅವನ ಅಂಗಡಿಗೇ ಬರುವುದು. ಆ ಹೆಸರಿನ ಒಬ್ಬರ ಮೋಟಾರು ಎರಡು ಸಲ ಕಟ್ಟಿದ್ದೆ ಎಂದ. ಅವರೇ ಇರಬೇಕು, ಬಹಳ ತಮಾಷೆ ಮಾಡುತ್ತಿದ್ದರು ಎಂದ. ಬಟ್ಟಲನ್ನು ಕೆಳಗಿಟ್ಟ.

“ಯಾರೂ ಸಾಯದೆ ಬರುವ ಜಾಗ ಇದ್ದರೆ ಹೇಳು, ಆಪಾ. ಆಗ ಖೀರು ತಿನ್ನುತ್ತೇನೆ.”

ಪಾತ್ರೆ ತೊಳೆದೆ. ಇನ್ನೇನೂ ಬರೆಯುವುದಿಲ್ಲ.

ಜುಲೈ 12, ಶುಕ್ರವಾರ

ಮರಿಸಿದ್ದಯ್ಯನ ಹಾಸಿಗೆಗೆ ಪಟ್ಟಲಮ್ಮ ಎಂಬ ಹಳಬರು ಹೋದರಂತೆ. ಕೇಳದೆಯೇ ಎದ್ದು ಹೋದರಂತೆ.

ಜುಲೈ 16, ಮಂಗಳವಾರ

ಕೊನೆಯ ಓದು. ಹದಿನೆಂಟು ಸನ್ನಿವೇಶ. ದೇವಿರಮ್ಮ, ಡಾಕ್ಟರು, ಸಂತೋಷ್, ದೀಪಿಕ ಎಲ್ಲರೂ ಇದ್ದರು. ರೋಗಿ ತಡವಾಗಿ ಬಂದರೆ, ಬಾರದೇ ಇದ್ದರೆ, ಕರೆಂಟು ಹೋದರೆ, ರೋಗಿ ನಿಧನನಾದರೆ. ಪಟ್ಟಿಯ ಮೊದಲಿನವರಿಗೆ ಫೋನಿನಲ್ಲಿ ಸಂದೇಶ ಹೋಗುತ್ತದೆ. ‘ಬರುತ್ತೇವೆ’, ‘ಈಗ ಆಗುವುದಿಲ್ಲ’ ಎಂದು ಎರಡು ಉತ್ತರ. ಒಂದು ದಿನದೊಳಗೆ ಉತ್ತರಿಸಬೇಕು. ‘ಈಗ ಆಗುವುದಿಲ್ಲ’ ಎಂದವರ ಹೆಸರು ಹಾಗೇ ಉಳಿದು, ಈ ಸಲದ ಜಾಗ ಮುಂದಿನವರಿಗೆ ಹೋಗುತ್ತದೆ.

ಕೊನೆಗೆ ದೇವಿರಮ್ಮ ಕೇಳಿದರು. “ಆಸ್ಗೇಲಿ ಇರೋರ್ದಾಯ್ತು. ಪಟ್ಟೀಲ್ ಕಾಯ್ತಾ ಇರೋರೇ ಓಗ್ಬುಟ್ರೆ?”

ಅದು ಎರಡನೇ ಹಂತದಲ್ಲಿ ಬರುತ್ತದೆ ಎಂದೆ. ಸಂತೋಷ್ ನನ್ನ ಕಡೆ ನೋಡಿದರು. ಹೊತ್ತಾಗಿತ್ತು, ಡಾಕ್ಟರಿಗೆ ಬೇರೆ ಕೆಲಸವಿತ್ತು. ಅರ್ಧ ಪುಟ ಬರೆಯಲು ಹತ್ತು ನಿಮಿಷ ಸಾಕು, ಆದರೆ ಒಂದು ಹಂತವನ್ನು ಎಲ್ಲಾದರೂ ಮುಗಿಸಲೇಬೇಕಲ್ಲ. ಎರಡನೇ ಹಂತ ಎಂದು ಹಾಳೆಯ ಮೂಲೆಯಲ್ಲಿ ಗುರುತು ಹಾಕಿಕೊಂಡೆ.

ಜುಲೈ 22, ಸೋಮವಾರ

ತಂತ್ರಾಂಶ ಶುರುವಾಯಿತು. ಬೋರ್ಡು ಗೋಡೆಯ ಮೇಲೇ ಇದೆ, ಆದರೆ ಒರೆಸಿದ್ದಾರೆ. “ಇನ್ನ್ಮ್ಯಾಕೆ ನಂಗ್ ತಲೆನೋವಿಲ್ಲ, ಎಲ್ಲಾ ಇದೇ ನೋಡ್ಕತದೆ,” ಎಂದು ದೇವಿರಮ್ಮ ಪರದೆಗೆ ಕುಂಕುಮ ಹಚ್ಚಲು ಹೋದರು. ದೀಪಿಕ ತಡೆದು ಪಕ್ಕದ ಚೌಕಟ್ಟಿಗೆ ಹಚ್ಚಿಸಿದಳು.

ಸುಹೇಲ್ ತೂಕ ಐವತ್ತೊಂಬತ್ತು ಮುಕ್ಕಾಲು. ಚಪ್ಪಲಿ ಪಾದಕ್ಕೆ ಹೋಗುತ್ತಿಲ್ಲ.

ಆಗಸ್ಟ್ 1, ಗುರುವಾರ

ಒಳ್ಳೆಯ ದಿನ. ಸಂಜೆ ಅಂಗಡಿಗೆ ಹೋದೆ. ಸುಹೇಲ್ ಸ್ಟೂಲಿನ ಮೇಲೆ ಕೂತು ಸುಟ್ಟ ಮೋಟಾರಿನ ತಂತಿ ಬಿಚ್ಚುತ್ತಿದ್ದ. ಅರಗಿನ ವಾಸನೆ. ನನ್ನ ಕೆಲಸ ಏನೆಂದು ಇಷ್ಟು ವರ್ಷದಲ್ಲಿ ಮೊದಲ ಸಲ ಕೇಳಿದ. ಹೇಳಿದೆ.

“ನಮ್ಮದೂ ಅದೇ,” ಎಂದ. “ಮೋಟಾರು ಹೇಗೆ ಓಡುತ್ತಿತ್ತು ಎಂದು ಯಾರಾದರೂ ಹೇಳಿದರೆ ನನಗೆ ಉಪಯೋಗವಿಲ್ಲ. ಹೇಗೆ ಸುಟ್ಟಿತು ಹೇಳು ಎನ್ನುತ್ತೇನೆ. ಸುಡುವ ಮುಂಚೆ ಯಾವ ಸದ್ದು ಬಂತು, ಯಾರು ಪಕ್ಕದಲ್ಲಿದ್ದರು. ಅರ್ಧ ಜನ ಸುಳ್ಳು ಹೇಳುತ್ತಾರೆ, ತಮ್ಮದೇ ತಪ್ಪಿರುತ್ತದಲ್ಲ.”

ಪುಟ್ಟರಾಜು ಪಕ್ಕದಿಂದ ಕೂಗಿದ. “ಅಕ್ಕಾ, ನಿಮ್ ತಮ್ಮುಂಗೆ ಏಳಿ, ಈ ಸಲ ಬಾಡಿಗೆ ಬದ್ಲು ನನ್ ಕಂಪ್ರೆಸರ್ ಮೋಟ್ರು ಕಟ್ಕೊಡ್ಲಿ.”

“ಮೈಸೂರ್ಗ್ ಓಗದೇ ನಿಂತೋಯ್ತದೆ ಕಣ್ಲಾ. ಇಲ್ಲೇ ಸಿಗ್ತದೆ ಸೀಟು. ಆಮ್ಯಾಕೆ ನಿನ್ ಓಮ್ನೀನ ಗುಜ್ರಿಗೆ ಆಕು.”

ನಗುತ್ತಿದ್ದ. ತಂತಿಯನ್ನು ಒಂದೇ ಎಳೆಯಾಗಿ, ಎಲ್ಲೂ ತುಂಡಾಗದಂತೆ ಬಿಚ್ಚಿದ.

ಆಗಸ್ಟ್ 9, ಶುಕ್ರವಾರ

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ, ಅಂಗಡಿಯಲ್ಲಿ. ಪುಟ್ಟರಾಜು ಕರೆತಂದ. ನಾನು ಎಡಗೈ ಮುಟ್ಟಿ ನೋಡಿದೆ. ನಿಂತಿತ್ತು.

ಆಗಸ್ಟ್ 23, ಶುಕ್ರವಾರ

ಆಫೀಸಿಗೆ ಹೋಗುತ್ತಿದ್ದೇನೆ. ಶುಕ್ರವಾರ ಬೆಳಿಗ್ಗೆ ಹೊರಡುವ ಹೊತ್ತಿಗೆ ಮನೆಯ ಹೊರಗೆ ಓಮ್ನಿಯ ಸದ್ದಾಗುವುದಿಲ್ಲ.

ಸೆಪ್ಟೆಂಬರ್ 3, ಮಂಗಳವಾರ

ಪುಸ್ತಕ ಓದಲು ಆಗುತ್ತಿಲ್ಲ. ಹಿಮದ ರೈಲು ಅಲ್ಲೇ ನಿಂತಿದೆ. ಅನುವಾದದ ತಪ್ಪು ಹುಡುಕುವುದಕ್ಕೂ ಮನಸ್ಸಿಲ್ಲ. ಅವರು ಸಾರು ಎಂದರೆ ಸಾರೇ ಇರಲಿ.

ಸೆಪ್ಟೆಂಬರ್ 13, ಶುಕ್ರವಾರ

ಇವತ್ತು ನಲವತ್ತನೇ ದಿನ. ಕುರಾನ್ ಓದಿಸಿದೆವು. ಸಂತೋಷ್, ದೀಪಿಕ ಬಂದಿದ್ದರು. ಪುಟ್ಟರಾಜು ಬೆಳಗಿನಿಂದ ನೀರು ತಂದು ತುಂಬಿಸಿದ, ಊಟಕ್ಕೆ ಕೂರಲಿಲ್ಲ. ಅಂಗಡಿಯಲ್ಲಿ ಅವನ ಕಂಪ್ರೆಸರ್ ಮೋಟಾರು ಅರ್ಧ ಕಟ್ಟಿ ಬಿಟ್ಟದ್ದು ಹಾಗೇ ಇದೆಯಂತೆ. ಬೇರೆಯವರ ಕೈಲಿ ಮುಗಿಸಿಕೋ ಎಂದೆ. “ಬುಡಿ ಅಕ್ಕ, ಅಂಗೇ ಇರ್ಲಿ,” ಎಂದ.

ಅಮ್ಮಿ ಖೀರು ಮಾಡು ಎಂದರು, ಅವನಿಗೆ ಇಷ್ಟ ಎಂದು. ಮಾಡಿದೆ. ಜುಲೈ ಹನ್ನೊಂದರ ಬಟ್ಟಲು ಅವನು ಪೂರ್ತಿ ಮಾಡಿರಲಿಲ್ಲ ಎಂದು ಅವರಿಗೆ ಗೊತ್ತಿಲ್ಲ.

ಸೆಪ್ಟೆಂಬರ್ 18, ಬುಧವಾರ

ಆಫೀಸಿಗೆ ಹೊರಡುವ ಹೊತ್ತಿಗೆ ಅಮ್ಮಿ ಫೋನು ಹಿಡಿದುಕೊಂಡು ಬಂದರು. ಅವರಿಗೆ ಕನ್ನಡ ಓದಲು ಬರುವುದಿಲ್ಲ. “ಏನೋ ಬಂದಿದೆ, ನೋಡು.”

‘ಸುಹೇಲ್ ಅವರಿಗೆ: ಮಂಗಳ, ಗುರು, ಶನಿವಾರ, ಎರಡನೇ ಪಾಳಿಯಲ್ಲಿ ನಿಮಗೆ ಜಾಗ ಲಭ್ಯವಾಗಿದೆ. ದಯವಿಟ್ಟು ಒಂದು ದಿನದೊಳಗೆ ತಿಳಿಸಿ.’ ಕೆಳಗೆ ಎರಡು ಉತ್ತರ. ಬರುತ್ತೇವೆ. ಈಗ ಆಗುವುದಿಲ್ಲ.

ಎರಡೂ ಉತ್ತರ ಬರೆದವಳು ನಾನು. ಮೂರನೆಯದನ್ನು ಬರೆಯದೆ ಬಿಟ್ಟವಳೂ ನಾನೇ.

ಅಮ್ಮಿಗೆ ಇಷ್ಟು ವರ್ಷ ಎಲ್ಲವನ್ನೂ ಅನುವಾದಿಸಿ ಹೇಳಿದ್ದೇನೆ. ಕರೆಂಟು ಬಿಲ್ಲು, ಡಾಕ್ಟರ ಚೀಟಿ, ಬ್ಯಾಂಕಿನ ಕಾಗದ. ಇದನ್ನೂ ಹೇಳಿದೆ. ಒಂದು ಪದವನ್ನೂ ಬಿಡಲಿಲ್ಲ. ಅವರು ಗೋಡೆ ಹಿಡಿದು ಕೂತರು. ಕೂತಲ್ಲಿಂದಲೇ ಹೇಳಿದರು: “ಬೇಗ ತಿಳಿಸಿಬಿಡು, ಬೇಟಾ. ಇನ್ನೊಬ್ಬರ ಮನೆಯಲ್ಲಿ ಫೋನು ನೋಡುತ್ತಾ ಕೂತಿರುತ್ತಾರೆ.”

ಆಮೇಲೆ, “ದೇವಿರಮ್ಮನಿಗೆ ಗೊತ್ತಿಲ್ಲವೇ?” ಎಂದರು.

ನನಗೆ ಅರ್ಥವಾಗಲಿಲ್ಲ. ಅಮ್ಮಿಗೆ ದೇವಿರಮ್ಮ ಹೇಗೆ ಗೊತ್ತು?

“ಪ್ರತಿ ಸೋಮವಾರ ಫೋನು ಮಾಡುತ್ತಿದ್ದರಲ್ಲ. ನೀನು ಆಫೀಸಿನಲ್ಲಿರುತ್ತಿದ್ದೆ. ಮಗ ಹೇಗಿದ್ದಾನೆ, ಊಟ ಮಾಡಿದನಾ ಎಂದು ಕೇಳುತ್ತಿದ್ದರು. ನನ್ನ ಕನ್ನಡ ಅವರಿಗೆ ನಗು. ಈಗ ಎರಡು ತಿಂಗಳಾಯಿತು, ಮಾಡಿಲ್ಲ.”

ಆಫೀಸಿಗೆ ಹೋಗಲಿಲ್ಲ. ನೇರ ಕೇಂದ್ರಕ್ಕೆ ನಡೆದೆ. ಹತ್ತು ನಿಮಿಷವೂ ಹಿಡಿಯಲಿಲ್ಲ, ಎಂಟು.

ದೇವಿರಮ್ಮ ಖುಷಿಯಲ್ಲಿದ್ದರು. ಒಬ್ಬರು ಮಗಳ ಊರು ಹಾಸನಕ್ಕೆ ಹೋದರಂತೆ, ಅಲ್ಲೇ ಡಯಾಲಿಸಿಸ್ ಸಿಕ್ಕಿದೆಯಂತೆ. “ಎಷ್ಟ್ ವರ್ಸ ಆಯ್ತು ಮೇಡಂ ಇಂಗೆ ಒಂದ್ ಜಾಗ ಬಂದು. ಯಾರೂ ಸಾಯ್ದೆ.”

ಅವರಿಗೆ ನನ್ನ ತಮ್ಮ ಹೋದದ್ದು ಗೊತ್ತಿತ್ತು, ಸಂತೋಷ್ ಹೇಳಿದ್ದರು. ಪಟ್ಟಿಯ ಸುಹೇಲ್ ನನ್ನ ತಮ್ಮ ಎಂದು ಗೊತ್ತಿರಲಿಲ್ಲ. ನಾನು ಹೇಳಿರಲಿಲ್ಲ. ಈಗ ಹೇಳಿದೆ.

“ಆ ಅಮ್ಮ ನಿಮ್ ತಾಯೀನಾ,” ಎಂದರು. “ನಿಮ್ದ್ ಊಟ ಆಯ್ತಾ ಅಂತ ನನ್ನೇ ಕೇಳೋರು.”

ಸೋಮವಾರದ ಫೋನಿನ ವಿಷಯ ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ನಾಲ್ಕು ವಾರ ಕೂತು ಅವರ ಪ್ರತಿಯೊಂದು ಕೆಲಸವನ್ನೂ ಬರೆದುಕೊಂಡಿದ್ದೆನಲ್ಲ.

“ಅದೂ ಒಂದ್ ಕೆಲ್ಸ್ವಾ ಮೇಡಂ? ವಾಪಸ್ ಓಗೋ ಮೂರ್ ಗಂಟೆ ಬಸ್ಸಲ್ ಕುಂತ್ಕಂಡು ಮಾತಾಡದು. ಪಟ್ಟೀಲಿರೋ ಎಲ್ಲಾರ್ಗೂ ಒಂದೊಂದ್ ಫೋನು. ಯಾರ್ ಎಂಗವ್ರೆ ಅಂತ ಗೊತ್ತಾಗೋದು. ಕಂಪ್ಯೂಟ್ರು ಬಂತಲ್ಲ, ಅದೇ ನೋಡ್ಕತದೆ ಅಂತ ಬುಟ್ಬುಟ್ಟೆ.” ಸೆರಗಿನಿಂದ ಕಣ್ಣು ಒತ್ತಿಕೊಂಡರು. “ನಾನ್ ಕೇಳಿದ್ದೆ ನಿಮ್ಮುನ್ನ. ಕಾಯ್ತಾ ಇರೋರೇ ಓಗ್ಬುಟ್ರೆ ಅಂತ.”

ಕೇಳಿದ್ದರು.

ಪಟ್ಟಿಯಲ್ಲಿ ಮುಂದಿನ ಹೆಸರು ಚಲುವಮ್ಮ. ಜೂನ್ ಇಪ್ಪತ್ತಾರರಂದು ನಾನು ಸುಮ್ಮನಿದ್ದಿದ್ದರೆ ಅವರು ಜುಲೈನಲ್ಲೇ ಇಲ್ಲಿಗೆ ಬಂದಿರುತ್ತಿದ್ದರು. ವಾದ ಸರಿಯಾಗಿತ್ತು. ವಾದ ಮಾಡಿದವಳು ಯಾಕೆ ಮಾಡಿದಳು ಎಂಬುದು ಮಾತ್ರ ಅದರಲ್ಲಿ ಇರಲಿಲ್ಲ.

ಸಂದೇಶ ಬೇಡ, ನಾನೇ ಫೋನು ಮಾಡುತ್ತೇನೆ ಎಂದೆ. ಎರಡನೇ ಸಲಕ್ಕೆ ಎತ್ತಿದರು. ಹಿಂದೆ ಬಸ್ಸಿನ ಹಾರ್ನು.

“ಯಾರು? ಓ, ಸೀಬೆಹಣ್ ಕೊಟ್ನಲ್ಲ, ಆ ಅಮ್ಮಣ್ಣೀನಾ! ಏಳವ್ವ.”

ಮದ್ದೂರಿನಲ್ಲಿ ಜಾಗ ಬಂದಿದೆ, ಶನಿವಾರದಿಂದ ಬನ್ನಿ ಎಂದೆ.

ಆ ಕಡೆ ಹಾರ್ನು ಇನ್ನೊಮ್ಮೆ ಕೇಳಿಸಿತು. ಆಮೇಲೆ, “ನಂಗಾ? ನಿನ್ ತಮ್ಮ ನನ್ಗಿಂತ ಮುಂದಿದ್ದ. ಅವುಂಗ್ ಸಿಕ್ತಾ?”

ದೇವಿರಮ್ಮ ನನ್ನ ಮುಖ ನೋಡುತ್ತಿದ್ದರು.

“ಸಿಕ್ಕಿತು,” ಎಂದೆ. “ಅವನಿಗೆ ಮೊದಲೇ ಸಿಕ್ಕಿತು, ಚಲುವಮ್ಮ. ಈಗ ನಿಮ್ಮ ಸರದಿ.”

“ಅಂಗಾರೆ ಸರಿ. ಅವುನ್ ಬುಟ್ಟು ನಂಗ್ ಕೊಟ್ಟಿದ್ರೆ ನಾನ್ ವಲ್ಲೆ ಅಂತಿದ್ದೆ ಕಣವ್ವ. ಸೆಂದಾಗವ್ನಾ?”

“ಚೆನ್ನಾಗಿದ್ದಾನೆ.”

ಫೋನು ಇಟ್ಟೆ. “ಇಲ್ಲಿ ಯಾರೂ ಅವ್ರಿಗೆ ನಿಜ ಏಳಾಕಿಲ್ಲ ಬುಡಿ,” ಎಂದರು ದೇವಿರಮ್ಮ.

ಸೆಪ್ಟೆಂಬರ್ 19, ಗುರುವಾರ

ಬೆಳಿಗ್ಗೆ ಆಫೀಸಿನಲ್ಲಿ ಸಂತೋಷ್‌ಗೆ ಎಲ್ಲವನ್ನೂ ಹೇಳಿದೆ. ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಕೂತು ಬರೆದೆ. ಹತ್ತು ನಿಮಿಷ ಸಾಕು ಎಂದುಕೊಂಡಿದ್ದೆ, ಮಧ್ಯಾಹ್ನವಾಯಿತು. ಇಲ್ಲಿಗೂ ಇಳಿಸಿಕೊಂಡಿದ್ದೇನೆ.

ಸನ್ನಿವೇಶ ಹತ್ತೊಂಬತ್ತು. ಸುಹೇಲ್ ಪಟ್ಟಿಯಲ್ಲಿ ಮೊದಲನೆಯವನು. ಸೋಮವಾರ ಮಧ್ಯಾಹ್ನ ತಂತ್ರಾಂಶವು ಪಟ್ಟಿಯಲ್ಲಿರುವ ಎಲ್ಲರ ಹೆಸರು, ಫೋನ್ ನಂಬರನ್ನು ದೇವಿರಮ್ಮನಿಗೆ ತೋರಿಸುತ್ತದೆ. ದೇವಿರಮ್ಮ ಬಸ್ಸಿನಲ್ಲಿ ಕೂತು ಸುಹೇಲನ ತಾಯಿಗೆ ಫೋನು ಮಾಡಿ, ಮಗ ಹೇಗಿದ್ದಾನೆ, ಊಟವಾಯಿತೇ ಎಂದು ಕೇಳುತ್ತಾರೆ. ತಾಯಿ ತಿರುಗಿ ಅದನ್ನೇ ಕೇಳುತ್ತಾರೆ. ಒಂದು ಸೋಮವಾರ ತಾಯಿ, ಅವನು ಹೋದ ಎನ್ನುತ್ತಾರೆ. ದೇವಿರಮ್ಮ ಅವರೊಂದಿಗೆ ಮಾತಾಡುತ್ತಾರೆ. ಇದಕ್ಕೆ ಸಮಯದ ಮಿತಿ ಇಲ್ಲ. ಆಮೇಲೆ ಸುಹೇಲನ ಹೆಸರನ್ನು ಪಟ್ಟಿಯಿಂದ ತಮ್ಮ ಕೈಯಾರೆ ತೆಗೆಯುತ್ತಾರೆ. ತಂತ್ರಾಂಶವು ಆ ಮನೆಯ ಫೋನಿಗೆ ಇನ್ನೆಂದೂ ಏನನ್ನೂ ಕಳಿಸುವುದಿಲ್ಲ. ಜಾಗ ಖಾಲಿಯಾದ ದಿನ ಚಲುವಮ್ಮನಿಗೆ ಸಂದೇಶ ಹೋಗುತ್ತದೆ. ತನಗಿಂತ ಮುಂದಿದ್ದವರು ಏನಾದರು ಎಂದು ಅದರಲ್ಲಿ ಇರುವುದಿಲ್ಲ.

ದೀಪಿಕ ಎರಡು ಸಲ ಓದಿದಳು. ತೂತು ಎಲ್ಲಾದರೂ ಇದೆಯಾ ಎಂದು ಕೇಳಿದೆ. ಇಲ್ಲ ಎಂದಳು.

“ಮೇಡಂ, ಹೆಸರು ತೆಗೆದು ರೋಗಿ ಅಂತ ಹಾಕ್ಲಾ?”

ಬೇಡ ಎಂದೆ.